ಹೇಳುವ ಧೈರ್ಯ, ವಿಚಾರಿಸುವ ಹೊಣೆ

ಬ್ಲಾಗುಗಳು ಹುಟ್ಟಿಕೊಂಡ ದಿನಗಳಲ್ಲಿ ಪತ್ರಿಕೆಗಳ ಕಾಲ ಮುಗಿಯಿತೆಂದು ಹಲವರು ಸಾರಿದ್ದರು. ಹೊಣೆಯಿಲ್ಲದವರ ಹರಟೆಯೆಂದು ಪತ್ರಕರ್ತರು ಬ್ಲಾಗುಗಳ ಬಗ್ಗೆ ಮೂಗು ಮುರಿದಿದ್ದರು. ಎರಡು ದಶಕಗಳ ಬಳಿಕ ಹಿಂದಿರುಗಿ ನೋಡುವಾಗ, ಈ ಜಗಳದಲ್ಲಿ ಗೆದ್ದವರು ಯಾರೆಂಬ ಪ್ರಶ್ನೆ ಅಷ್ಟೇನೂ ಮುಖ್ಯವಾಗಿ ಕಾಣುವುದಿಲ್ಲ. ಇವರಿಬ್ಬರೂ ಕೈಜೋಡಿಸಿದಾಗ ಯಾರಿಗೆ ನ್ಯಾಯ ಸಿಕ್ಕಿತು ಮತ್ತು ಬೇರೆಯಾದಾಗ ಯಾರು ಮೋಸ ಹೋದರು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಹುಸ್ನಿ ಮುಬಾರಕ್‌ರ ಕಾಲದ ಈಜಿಪ್ಟ್‌ಗಿಂತ ಸೂಕ್ತವಾದ ನೆಲ ಬೇರೊಂದಿಲ್ಲ.

ಅಲ್ಲಿ 1981ರಿಂದಲೂ ತುರ್ತು ಶಾಸನ ಜಾರಿಯಲ್ಲಿತ್ತು. ಅಲ್ ಅಹ್ರಾಮ್‌ನಂಥ ದೊಡ್ಡ ದಿನಪತ್ರಿಕೆಗಳು ಸರಕಾರದ ಒಡೆತನದಲ್ಲಿದ್ದವು. ಸಂಪಾದಕರ ನೇಮಕದಲ್ಲೂ ಆಳುವವರದೇ ಮಾತು ನಡೆಯುತ್ತಿತ್ತು. 2006ರ ಅಕ್ಟೋಬರ್‌ನಲ್ಲಿ ಈದುಲ್ ಫಿತ್ರ್‌ನ ಸಂಭ್ರಮದ ನಡುವೆ ಕೈರೋ ನಗರದ ಹೃದಯಭಾಗದಲ್ಲಿ ಯುವಕರ ಗುಂಪುಗಳು ದಾರಿಹೋಕ ಮಹಿಳೆಯರ ಮೇಲೆ ಮುಗಿಬಿದ್ದವು. ಹಿಜಾಬ್ ಧರಿಸಿದವರನ್ನೂ ಬಿಡಲಿಲ್ಲ. ಕೆಲವು ಅಂಗಡಿ ಮಾಲಕರು ಓಡಿ ಬಂದ ಹೆಣ್ಣುಮಕ್ಕಳಿಗೆ ಆಶ್ರಯ ಕೊಟ್ಟು ಕಾಪಾಡಿದರು. ಅಲ್ಲಿದ್ದ ವಾಯಿಲ್ ಅಬ್ಬಾಸ್ ಮತ್ತಿತರ ಬ್ಲಾಗಿಗರು ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಪತ್ರಿಕೆಗಳು ದಿನಗಟ್ಟಲೆ ಮೌನ ವಹಿಸಿದವು. ದೂರುಗಳೇ ಬಂದಿಲ್ಲವೆಂದು ಗೃಹ ಇಲಾಖೆ ಕೈ ತೊಳೆದುಕೊಂಡಿತು. ದೇಶದ ಹೆಸರು ಕೆಡಿಸಲು ಕಟ್ಟಿದ ಕತೆಯೆಂಬ ದೂಷಣೆಯೂ ಬಂತು.

ಈ ಮೌನವನ್ನು ಮುರಿದದ್ದು ಖಾಸಗಿ ದೂರದರ್ಶನ ವಾಹಿನಿಯೊಂದರ ನಿರೂಪಕಿ ಮೋನಾ ಶಾಝ್ಲಿ. ಅವರು ಬ್ಲಾಗಿಗರ ಮಾತನ್ನು ಕಣ್ಣು ಮುಚ್ಚಿ ನಂಬಲಿಲ್ಲ, ತಳ್ಳಿಯೂ ಹಾಕಲಿಲ್ಲ. ಅದೇ ಬೀದಿಗೆ ವರದಿಗಾರರನ್ನು ಕಳುಹಿಸಿ ಅಂಗಡಿಯವರನ್ನು ವಿಚಾರಿಸಿದರು. ಘಟನೆ ನಡೆದದ್ದು ನಿಜವೆಂದು ಅವರು ಕ್ಯಾಮೆರಾದ ಮುಂದೆಯೇ ಹೇಳಿದರು. ಮಾನದ ಹೆಸರಿನಲ್ಲಿ ಮುಚ್ಚಿಡಲಾಗಿದ್ದ ಪಿಡುಗೊಂದು ಹೀಗೆ ಮನೆಮನೆಯ ಚರ್ಚೆಯ ವಿಷಯವಾಯಿತು.

ಮರು ತಿಂಗಳೇ ಇನ್ನೊಂದು ಪ್ರಕರಣ ಹೊರಬಿತ್ತು. ಕೈರೋದ ಮಿನಿಬಸ್ ಚಾಲಕನೊಬ್ಬನಿಗೆ ಪೊಲೀಸರು ಠಾಣೆಯಲ್ಲಿ ಅಮಾನುಷ ಹಿಂಸೆ ನೀಡಿ ಅದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದರು. ಅವನ ಓರಗೆಯ ಚಾಲಕರ ಮುಂದೆ ಅವನನ್ನು ಹೀನಾಯಗೊಳಿಸಲು ಆ ದೃಶ್ಯವನ್ನು ಹಂಚಿದ್ದರು. ಬ್ಲಾಗಿಗರು ಅದನ್ನು ಜಗತ್ತಿನ ಮುಂದಿಟ್ಟರು. ಆದರೆ ದೃಶ್ಯದಲ್ಲಿ ನರಳುತ್ತಿದ್ದ ವ್ಯಕ್ತಿ ಯಾರು? ಠಾಣೆ ಯಾವುದು? ದಿನ ಯಾವುದು? ಇವೆಲ್ಲ ಗೊತ್ತಿಲ್ಲದೆ ಯಾವ ನ್ಯಾಯಾಲಯವೂ ಯಾರನ್ನೂ ಶಿಕ್ಷಿಸಲಾರದು. ಅಲ್ ಫಜ್ರ್ ವಾರಪತ್ರಿಕೆ ಆ ಚಾಲಕನನ್ನು ಹುಡುಕಿ, ಧೈರ್ಯ ತುಂಬಿ, ಅವನ ಮಾತನ್ನು ಪ್ರಕಟಿಸಿತು. ಅಧಿಕಾರಿಗಳನ್ನು ಪ್ರತಿರೋಧಿಸಿದ ಆರೋಪದಲ್ಲಿ 2007ರ ಜನವರಿಯಲ್ಲಿ ಸಂತ್ರಸ್ತನೇ 3 ತಿಂಗಳು ಜೈಲು ಶಿಕ್ಷೆಗೆ ಗುರಿಯಾದ ಎಂಬುದು ಆ ವ್ಯವಸ್ಥೆಯ ಕ್ರೌರ್ಯಕ್ಕೆ ಸಾಕ್ಷಿ. ಆದರೂ ಮೊಕದ್ದಮೆ ನಿಲ್ಲಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಇಬ್ಬರು ಪೊಲೀಸರಿಗೆ ತಲಾ 3 ವರ್ಷಗಳ ಜೈಲು ಶಿಕ್ಷೆಯಾಯಿತು. ಬ್ಲಾಗು ಇಲ್ಲದಿರುತ್ತಿದ್ದರೆ ಆ ದೃಶ್ಯ ಹೊರಬರುತ್ತಿರಲಿಲ್ಲ. ಪತ್ರಿಕೆ ಇಲ್ಲದಿರುತ್ತಿದ್ದರೆ ಅದು ಹೆಸರಿಲ್ಲದ ದೃಶ್ಯವಾಗಿಯೇ ಉಳಿಯುತ್ತಿತ್ತು.

ಬ್ಲಾಗಿಗನ ಸ್ವಾತಂತ್ರ್ಯಕ್ಕೂ ಮಿತಿಯಿದೆ. ಅದೇ 2007ರ ನವೆಂಬರ್‌ನಲ್ಲಿ ಹಿಂಸೆಯ ದೃಶ್ಯಗಳಿವೆಯೆಂಬ ದೂರಿನ ಮೇಲೆ ಯೂಟ್ಯೂಬ್ ಸಂಸ್ಥೆ ವಾಯಿಲ್ ಅಬ್ಬಾಸ್‌ರ ಖಾತೆಯನ್ನೇ ಸ್ಥಗಿತಗೊಳಿಸಿತು. ಪ್ರತಿಭಟನೆಯ ಬಳಿಕ ಅದನ್ನು ಮರಳಿಸಲಾಯಿತಾದರೂ, ಮಾಲಕನಿಲ್ಲದ ಮಾಧ್ಯಮವೆಂದು ತಿಳಿದದ್ದಕ್ಕೂ ದೂರದ ದೇಶದಲ್ಲೊಬ್ಬ ಮಾಲಕನಿದ್ದಾನೆಂದು ಅಂದು ಸ್ಪಷ್ಟವಾಯಿತು. ಸತ್ಯಕ್ಕೆ ಬೆಲೆ ತೆತ್ತವರು ಎರಡೂ ಕಡೆಗಳಲ್ಲಿದ್ದಾರೆ. ಮುಬಾರಕ್‌ರ ಆರೋಗ್ಯದ ಕುರಿತು ಬರೆದುದಕ್ಕಾಗಿ ಅಲ್ ದುಸ್ತೂರ್ ಪತ್ರಿಕೆಯ ಸಂಪಾದಕ ಇಬ್ರಾಹೀಮ್ ಈಸಾರಿಗೆ 2008ರಲ್ಲಿ ಜೈಲು ಶಿಕ್ಷೆ ವಿಧಿಸಲಾಯಿತು. ಅದು ಜಾರಿಯಾಗುವ ಮುನ್ನ ಕ್ಷಮಾದಾನ ಸಿಕ್ಕಿತು. ವಾಯಿಲ್ ಅಬ್ಬಾಸ್ 2018ರಲ್ಲಿ ತಿಂಗಳುಗಟ್ಟಲೆ ಬಂಧನದಲ್ಲಿದ್ದರು.

ಇನ್ನು ವಿಚಾರಣೆಯ ಹೊಣೆ ಮರೆತಾಗ ಏನಾಗುತ್ತದೆಂಬುದನ್ನೂ ನೋಡೋಣ. 2011ರಲ್ಲಿ ಸಿರಿಯಾ ಹೊತ್ತಿ ಉರಿಯತೊಡಗಿದಾಗ ಡಮಾಸ್ಕಸ್‌ನ ಯುವತಿಯೊಬ್ಬಳದೆನ್ನಲಾದ ಬ್ಲಾಗು ಪಾಶ್ಚಾತ್ಯ ಮಾಧ್ಯಮಗಳ ಕಣ್ಮಣಿಯಾಯಿತು. ಜೂನ್‌ನಲ್ಲಿ ಅವಳನ್ನು ಅಪಹರಿಸಲಾಗಿದೆಯೆಂಬ ಬರಹ ಬಂದಾಗ ದೊಡ್ಡ ದೊಡ್ಡ ಪತ್ರಿಕೆಗಳು ಸುದ್ದಿ ಮಾಡಿದವು. ಆದರೆ ಅವಳನ್ನು ಮುಖತಃ ಕಂಡವರು ಒಬ್ಬರೂ ಇರಲಿಲ್ಲ. ಕೆಲವೇ ದಿನಗಳಲ್ಲಿ ನಿಜ ಬಯಲಾಯಿತು. ಅದನ್ನು ಬರೆಯುತ್ತಿದ್ದವನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುತ್ತಿದ್ದ ಟಾಮ್ ಮ್ಯಾಕ್‌ಮಾಸ್ಟರ್ ಎಂಬ ಅಮೇರಿಕನ್! ಬಳಸಿದ ಭಾವಚಿತ್ರ ಲಂಡನ್ನಿನಲ್ಲಿದ್ದ ಬೇರೊಬ್ಬ ಮಹಿಳೆಯದು. ಸಿರಿಯಾದಲ್ಲಿ ನಿಜವಾಗಿಯೂ ಸೆರೆಯಾಗುತ್ತಿದ್ದವರ ಕೂಗನ್ನೂ ಅನುಮಾನಿಸುವವರ ಕೈಗೆ ಆತ ಅಸ್ತ್ರ ಕೊಟ್ಟ.

ಹಾಗೆಂದು ಪತ್ರಿಕೆಗಳು ಬೀಗುವಂತಿಲ್ಲ. ಇರಾಕ್‌ನಲ್ಲಿ ಸಮೂಹನಾಶಕ ಅಸ್ತ್ರಗಳಿವೆಯೆಂಬ ವರದಿಗಳನ್ನು ಮುಖಪುಟದಲ್ಲಿ ಮುದ್ರಿಸಿದ ನ್ಯೂಯಾರ್ಕ್ ಟೈಮ್ಸ್, ಅವುಗಳನ್ನು ಸಾಕಷ್ಟು ಪರಿಶೀಲಿಸಿರಲಿಲ್ಲವೆಂದು ಒಪ್ಪಿಕೊಂಡದ್ದು 2004ರ ಮೇ ತಿಂಗಳಲ್ಲಿ. ಆ ವೇಳೆಗೆ ಯುದ್ಧ ಆರಂಭವಾಗಿ ವರ್ಷ ದಾಟಿತ್ತು. ಅತ್ತ ಸಲಾಂ ಪಾಕ್ಸ್ ಎಂಬ ಗುಪ್ತನಾಮದ ಯುವಕನೊಬ್ಬ ಬಾಂಬುಗಳಡಿಯ ಬಗ್ದಾದಿನ ಬದುಕನ್ನು ಅಲ್ಲಿಂದಲೇ ಬರೆಯುತ್ತಿದ್ದ. ಅವನು ನಿಜವಾಗಿ ಬಗ್ದಾದಿನವನೇ ಎಂದು ಸಂಶಯಿಸಿದವರಿದ್ದರು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಅವನನ್ನು ಪತ್ತೆಹಚ್ಚಿ 2003ರಲ್ಲಿ ಅಂಕಣ ಕೊಟ್ಟಿತು. ಎಂಟು ವರ್ಷಗಳ ಬಳಿಕ ಡಮಾಸ್ಕಸ್‌ನ ಕಲ್ಪಿತ ಯುವತಿಯನ್ನು ನಂಬಿದವುಗಳ ಸಾಲಿನಲ್ಲೂ ಅದೇ ಗಾರ್ಡಿಯನ್ ಇತ್ತು. ಹೋಗಿ ವಿಚಾರಿಸಿದರೆ ಸಿಗುವುದೇನು, ವಿಚಾರಿಸದಿದ್ದರೆ ಆಗುವುದೇನು ಎಂಬುದಕ್ಕೆ ಒಂದೇ ಪತ್ರಿಕೆಯ ಈ ಎರಡು ಅನುಭವಗಳು ಸಾಕು.

ಇಂದು ಬ್ಲಾಗುಗಳ ಸ್ಥಾನವನ್ನು ವಾಟ್ಸಪ್ ಮತ್ತು ಫೇಸ್‌ಬುಕ್ ಬಹುಮಟ್ಟಿಗೆ ಆಕ್ರಮಿಸಿವೆ. ಹೇಳುವವರು ಸಾವಿರಪಟ್ಟು ಹೆಚ್ಚಿದ್ದಾರೆ. ಹೋಗಿ ವಿಚಾರಿಸುವವರು? ಮೊಬೈಲ್‌ನಲ್ಲಿ ಬಂದುದನ್ನೇ ಎತ್ತಿ ಮುದ್ರಿಸುವ, ಬಿತ್ತರಿಸುವ ಚಾಳಿ ಸುದ್ದಿಮನೆಗಳಿಗೂ ಅಂಟಿದೆ. ಬೀದಿಗೆ ವರದಿಗಾರನನ್ನು ಕಳುಹಿಸುವುದಕ್ಕೆ ಹಣ ಬೇಕು, ಸಮಯ ಬೇಕು. ಕೈಯಲ್ಲಿರುವುದನ್ನು ಹಂಚಲು ಬೆರಳೊಂದಿದ್ದರೆ ಸಾಕು.

ಇಂಥ ಸುಳ್ಳುಗಳ ಮೊದಲ ಬಲಿ ಸದಾ ದುರ್ಬಲರೇ ಆಗಿರುತ್ತಾರೆ. ಅವರ ಮೇಲಾದ ಅನ್ಯಾಯದ ನಿಜವಾದ ದೃಶ್ಯವೂ ನೂರು ಸುಳ್ಳು ದೃಶ್ಯಗಳ ರಾಶಿಯಲ್ಲಿ ಹೂತುಹೋಗುತ್ತದೆ. ಆದ್ದರಿಂದ ನಮ್ಮವರ ಪರವಾಗಿದೆಯೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಮುಂದೆ ರವಾನಿಸದಿರುವ ಸಂಯಮ ನಮ್ಮ ಮನೆಗಳಲ್ಲಿ ಬೆಳೆಯಬೇಕು. ಕಂಡದ್ದನ್ನು ಹೇಳಲು ಮುಂದಾಗುವ ಯುವಕ ಯುವತಿಯರ ಬಾಯಿ ಮುಚ್ಚಿಸದೆ, ಎಲ್ಲಿ ಕಂಡೆ, ಯಾವಾಗ ಕಂಡೆ, ಜೊತೆಗೆ ಯಾರಿದ್ದರು ಎಂದು ಕೇಳುವುದನ್ನು ಹಿರಿಯರು ರೂಢಿಸಿಕೊಳ್ಳಬೇಕು. ಸ್ಥಳಕ್ಕೆ ಹೋಗಿ ವರದಿ ಮಾಡುವ ಪತ್ರಿಕೆ ಚಿಕ್ಕದಾದರೂ ಸರಿ, ಅದರ ಚಂದಾವನ್ನು ವ್ಯರ್ಥ ಖರ್ಚೆಂದು ಭಾವಿಸಬಾರದು. ಕೈರೋದ ಆ ಬಡ ಚಾಲಕನ ಬಾಗಿಲು ತಟ್ಟಿದ ವರದಿಗಾರನ ಸಂಬಳವೂ ಯಾರೋ ಓದುಗರು ಕೊಟ್ಟ ದುಡ್ಡಿನಿಂದಲೇ ಬಂದಿತ್ತಲ್ಲವೇ?