ಹೆಗಲಿಗೆ ಹಗುರಾದ ಲೆನ್ಸೇ ಸಾಕು

ಕಳೆದ ಚಳಿಗಾಲದ ಒಂದು ಭಾನುವಾರ ಅಮ್ಮಿಯ ಜೊತೆ ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ ಹೋಗಿದ್ದೆ. ಹೆಗಲಲ್ಲಿ ಅಣ್ಣನ ಕ್ಯಾಮೆರಾ. ಅದಕ್ಕೆ ಅವನು ಮದುವೆ ಕೆಲಸದಲ್ಲಿ ಬಳಸುವ ಉದ್ದನೆಯ ಜೂಮ್ ಲೆನ್ಸ್. ದೂರದಲ್ಲಿ ಕುಳಿತು ಹೂ ಮಾರುತ್ತಿದ್ದ ಅಜ್ಜಿಯ ಮುಖವನ್ನು ಹತ್ತಿರಕ್ಕೆ ಎಳೆದು ಫೋಟೋ ತೆಗೆದೆ. ಆಕೆಗೆ ಗೊತ್ತಾಯಿತು, ತಟ್ಟನೆ ಸೆರಗು ಮುಖದ ಮೇಲೆ ಎಳೆದುಕೊಂಡರು. ಅಮ್ಮಿ ಉರ್ದುವಿನಲ್ಲಿ ಒಂದೇ ಮಾತು ಕೇಳಿದಳು: "ಅವರನ್ನ ಕೇಳಿದೆಯಾ?" ಕೇಳಿರಲಿಲ್ಲ.

ಆ ಲೆನ್ಸ್ ಕ್ಯಾನನ್‌ನ 70-200. ತೂಕ 1490 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದೂವರೆ ಕಿಲೋ. ನಮ್ಮ ಕ್ಯಾಮೆರಾ ಅದರ ಮೂರನೇ ಒಂದು ಭಾಗವೂ ಇಲ್ಲ. ಬಸ್ಸಿನಲ್ಲಿ ಗದಗಿನವರೆಗೆ ನಿಂತುಕೊಂಡೇ ಬಂದೆ. ರಾತ್ರಿ ಭುಜ ನೋಯುತ್ತಿತ್ತು, ಮನಸ್ಸು ಅದಕ್ಕಿಂತ ಹೆಚ್ಚು.

ಮೆಹಂದಿ ಹಾಕಿ ಕೂಡಿಸಿದ ಆರು ಸಾವಿರ ರೂಪಾಯಿ ನನ್ನ ಹತ್ತಿರ ಇತ್ತು. ಅದರಲ್ಲಿ ನನ್ನದೇ ಒಂದು ಹಳೆಯ ಲೆನ್ಸ್ ಕೊಳ್ಳಬೇಕೆಂದಿದ್ದೆ. ಅಣ್ಣ 55-250 ಜೂಮ್ ತಗೋ ಎಂದ. ಗೆಳತಿಯರು 50 ಮಿ.ಮೀ. ತಗೋ, ಹಿನ್ನೆಲೆ ಚೆಂದ ಮಸುಕಾಗುತ್ತದೆ ಎಂದರು. ನಾನು ಕಾಮರ್ಸ್ ವಿದ್ಯಾರ್ಥಿನಿ. ಕೊಳ್ಳುವ ಮೊದಲು ಲೆಕ್ಕ ನೋಡಬೇಕಲ್ಲ?

ಪ್ರತಿ ಫೋಟೋದ ಜೊತೆ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದು ಎಂಬ ವಿವರವೂ ಕ್ಯಾಮೆರಾದಲ್ಲಿ ದಾಖಲಾಗಿರುತ್ತದೆ. ಕ್ಯಾಮೆರಾದ ಜೊತೆಗೇ ಬಂದಿದ್ದ 18-55 ಲೆನ್ಸಿನಲ್ಲಿ ಒಂದು ವರ್ಷ ತೆಗೆದ ಫೋಟೋಗಳನ್ನು ತೆರೆದು, ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದುಕೊಂಡೆ. ಅರ್ಧಕ್ಕಿಂತ ಹೆಚ್ಚು 20ರಿಂದ 30ರ ಒಳಗೇ ಇದ್ದವು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲು, ಅಲ್ಲಿನ ಮುಸುಕಿನ ಬಾವಿ, ಬೆಟಗೇರಿಯ ಮಗ್ಗದ ಮನೆಗಳು, ನಮ್ಮ ಅಡುಗೆಮನೆ. ನಾನು ನೋಡುವ ಪ್ರಪಂಚ ಹತ್ತಿರದ್ದು. ಲೆನ್ಸ್ ಮಾತ್ರ ದೂರದ್ದು ಯಾಕೆ ಬೇಕು?

ಹಾಗಾಗಿ ಕ್ಯಾನನ್ 24 ಮಿ.ಮೀ. ಲೆನ್ಸ್ ಕೊಂಡೆ. ತೂಕ 125 ಗ್ರಾಂ, ದಪ್ಪ ಎರಡೂಕಾಲು ಸೆಂಟಿಮೀಟರಿನಷ್ಟು. ನಮ್ಮಂಥ ಸಣ್ಣ ಸೆನ್ಸರ್‌ನ ಕ್ಯಾಮೆರಾದಲ್ಲಿ ಅದು ಕಣ್ಣಿಗೆ ಸಹಜವೆನಿಸುವಷ್ಟೇ ಅಗಲ ತೋರಿಸುತ್ತದೆ. 50 ಮಿ.ಮೀ. ಕೂಡ ಹಗುರವೇ, ಸುಮಾರು 160 ಗ್ರಾಂ. ಆದರೆ ಗುಡಿಯ ಮಂಟಪದೊಳಗೆ ಅದನ್ನು ಹಿಡಿದು ಹಿಂದೆ ಸರಿಯುತ್ತಾ ಹೋದರೆ ಬೆನ್ನಿಗೆ ಗೋಡೆ ತಾಗುತ್ತದೆ, ಕಂಬ ಮಾತ್ರ ಪೂರ್ತಿ ಸಿಗುವುದಿಲ್ಲ.

ಬೆಳಕಿನ ಲೆಕ್ಕವೂ ಇದೆ. ಹೊಸ ಲೆನ್ಸಿನ ಕಿಂಡಿ 2.8ರವರೆಗೆ ತೆರೆಯುತ್ತದೆ, ಹಳೆಯ 18-55 ಅದೇ ಅಗಲದಲ್ಲಿ ಸುಮಾರು 4ರವರೆಗೆ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. 4ಕ್ಕಿಂತ 2.8ರಲ್ಲಿ ಎರಡು ಪಟ್ಟು ಬೆಳಕು ಒಳಗೆ ಬರುತ್ತದೆ. ಮಗ್ಗದ ಮನೆಯ ಮಂದ ಬೆಳಕಿನಲ್ಲಿ ಓಡುವ ಕೈಗಳನ್ನು ಹಿಡಿಯಲು ಇದೇ ಬೇಕು. ಹಳೆಯ ಲೆನ್ಸಿಗೂ ಅದರ ಗುಣವಿದೆ. ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಅದರಲ್ಲಿದೆ, ಹೊಸದರಲ್ಲಿ ಇಲ್ಲ. ನಿಂತ ಕಂಬಕ್ಕೆ ಹಳೆಯದೇ ಸಾಕು. ಬರೀ ಗುಡಿ-ಗುಮ್ಮಟ ತೆಗೆಯುವವರು ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ.

ಹಗುರ ಲೆನ್ಸಿನಲ್ಲಿ ಆಗದ ಕೆಲಸವೂ ಉಂಟು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ನನ್ನ 24 ಮಿ.ಮೀ.ನಲ್ಲಿ ಅವು ಎಳ್ಳಿನ ಕಾಳಿನಂತೆ ಕಾಣುತ್ತವೆ. ಹತ್ತಿರ ಹೋದರೆ ಹಾರಿಬಿಡುತ್ತವೆ. ಅಲ್ಲಿಗೆ ಉದ್ದ ಲೆನ್ಸೇ ಬೇಕು, ಒಪ್ಪುತ್ತೇನೆ. ಆದರೆ ವರ್ಷಕ್ಕೆ ಒಂದು ದಿನ ಬೇಕಾಗುವ ವಸ್ತುವನ್ನು ಬಾಡಿಗೆಗೆ ತರಬಹುದು, ಇಲ್ಲವೇ ನಾಲ್ಕು ಜನ ಸೇರಿ ಕೊಳ್ಳಬಹುದು. ಕಪಾಟಿನಲ್ಲಿ ಕೂತ ಲೆನ್ಸಿಗೂ ಸವಕಳಿ ಇದೆ ಎಂದು ನಮ್ಮ ಅಕೌಂಟೆನ್ಸಿ ಪಾಠವೇ ಹೇಳುತ್ತದೆ.

ಅಡ್ಡಾಡುವವರಿಗೆ ತೂಕ ಮುಖ್ಯ. ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದಾಗ ನಕ್ಷತ್ರದಾಕಾರದ ದೊಡ್ಡಬಸಪ್ಪ ಗುಡಿಯನ್ನು ಪೂರ್ತಿ ಹಿಡಿಯಲು ಹತ್ತಾರು ಹೆಜ್ಜೆ ಹಿಂದೆ ನಡೆದೆ, ಕೆತ್ತನೆಗಾಗಿ ಮತ್ತೆ ಮುಂದೆ ಬಂದೆ. ಜೂಮ್ ಮಾಡುವ ಕೆಲಸವನ್ನು ಕಾಲುಗಳೇ ಮಾಡಿದವು. ಹೆಗಲು ನೋಯಲಿಲ್ಲ. ಕ್ಯಾಮೆರಾ ನನ್ನ ಕಾಲೇಜು ಬ್ಯಾಗಿನಲ್ಲೇ ಹಿಡಿಯಿತು, "ಯಾವ ಚಾನೆಲ್ಲಮ್ಮ?" ಎಂದು ಯಾರೂ ಕೇಳಲಿಲ್ಲ.

ನನ್ನ ಮುಖ್ಯ ಮಾತು ಮಾತ್ರ ತೂಕದ ಆಚೆಗಿನದು. ಈ ಲೆನ್ಸಿನಲ್ಲಿ ಒಬ್ಬರ ಮುಖ ದೊಡ್ಡದಾಗಿ ಬರಬೇಕಾದರೆ ಅವರ ಎದುರಿಗೇ ಹೋಗಿ ನಿಲ್ಲಬೇಕು. ಎದುರಿಗೆ ನಿಂತ ಮೇಲೆ ಸಲಾಮೋ ನಮಸ್ಕಾರವೋ ಹೇಳದೆ, ಕೇಳದೆ ಇರಲಾಗುವುದಿಲ್ಲ. ಕದ್ದು ತೆಗೆಯುವ ದಾರಿಯನ್ನೇ ಅದು ಮುಚ್ಚುತ್ತದೆ.

ಮೊನ್ನೆ ಮತ್ತೆ ಲಕ್ಷ್ಮೇಶ್ವರಕ್ಕೆ ಹೋದೆ. ಅದೇ ಅಜ್ಜಿಯ ಮುಂದೆ ಕುಳಿತು, ಅಂದು ತೆಗೆದ ಫೋಟೋ ಅಳಿಸಿದ್ದೇನೆ ಎಂದು ಹೇಳಿ, ಈಗ ಒಂದು ತೆಗೆಯಲೇ ಎಂದು ಕೇಳಿದೆ. "ಬ್ಯಾಡವ್ವ" ಎಂದರು. ಹೂ ಕೊಂಡು ಎದ್ದು ಬಂದೆ. ಫೋಟೋ ಸಿಗಲಿಲ್ಲ. ಆದರೆ ಈ ಸಲ ಅಮ್ಮಿ ಏನೂ ಕೇಳಲಿಲ್ಲ.

ಗೆಳೆಯ ಗೆಳತಿಯರೇ, ಲೆನ್ಸ್ ಕೊಳ್ಳುವ ಮೊದಲು ನಿಮ್ಮ ಹಳೆಯ ಫೋಟೋಗಳ ಲೆಕ್ಕ ತೆಗೆಯಿರಿ. ನೀವು ನಿಜವಾಗಿ ಏನು ನೋಡುತ್ತೀರಿ ಎಂಬುದು ಅಲ್ಲೇ ಬರೆದಿರುತ್ತದೆ. ಮಾಗಡಿಯ ಹಕ್ಕಿಗಳಿಗಾಗಿ ಉದ್ದ ಲೆನ್ಸಿನಲ್ಲಿ ಪಾಲು ಹಾಕುವವರು ಯಾರಾದರೂ ಇದ್ದರೆ ನನ್ನನ್ನೂ ಸೇರಿಸಿಕೊಳ್ಳಿ.