ಅಜ್ಜನಿಗೆ ಚಕ್ಕುಲಿ, ಅಜ್ಜನ ಜನಕ್ಕೆ ಅಜಲು



ಹೋದ ಭಾನುವಾರ ಮಗಳು ಮೊಬೈಲಲ್ಲಿ ಜಪಾನಿನ ಕಾರ್ಟೂನ್ ಒಂದನ್ನ ನೋಡ್ತಾ ಕೂತಿದ್ಲು. ಅದರಲ್ಲೊಬ್ಬ ಹುಡುಗ. ದೊಡ್ಡ ತಲೆ, ಅದರ ಮೇಲೆ ಬಿದಿರಿನ ಟೋಪಿ, ಕೈಯಲ್ಲೊಂದು ತಟ್ಟೆ, ತಟ್ಟೆಯಲ್ಲಿ ಪನೀರ್ ತರ ಬೆಳ್ಳಗಿರೋ ತುಂಡು. "ಅಪ್ಪಾ, ಇದು ದೆವ್ವ ಅಂತೆ. ಆದ್ರೆ ಯಾರೂ ಇದಕ್ಕೆ ಹೆದರಲ್ಲ" ಅಂತ ನಗ್ತಿದ್ಲು. ನಾನೂ ಪಕ್ಕದಲ್ಲಿ ಕೂತು ನೋಡ್ದೆ.

ಆ ದೆವ್ವದ ಹೆಸರು ತೋಫು ಕೊಝೋ. ತೋಫು ಅಂದ್ರೆ ಸೋಯಾ ಹಾಲನ್ನ ಒಡೆಸಿ ಗಟ್ಟಿ ಮಾಡಿದ್ದು. ಕೊಝೋ ಅಂದ್ರೆ ಪೋರ, ಚಾಕರಿ ಹುಡುಗ. 18ನೇ ಶತಮಾನದ ಕೊನೆಯ ಹೊತ್ತಿಗೆ ಜಪಾನಿನ ಚಿತ್ರಪುಸ್ತಕಗಳಲ್ಲಿ ಇವನು ಕಾಣಿಸಿಕೊಂಡ. ಯಾರಿಗೂ ಕೇಡು ಮಾಡಲ್ಲ. ದೊಡ್ಡ ದೆವ್ವಗಳ ಹತ್ರ ಆಳಾಗಿರೋ ಸಣ್ಣ ದೆವ್ವ. ಇಂಥವನನ್ನೇ ನಾಯಕ ಮಾಡಿ 2011ರಲ್ಲಿ ಜಪಾನಿನವರು ಒಂದು ಪೂರ್ತಿ ಅನಿಮೇಷನ್ ಸಿನಿಮಾ ತೆಗೆದ್ರು. ಕೈಯಲ್ಲಿ ತಟ್ಟೆ ಹಿಡಿದ ಆಳುಮಗನ ಜೊತೆ ಇವತ್ತು ನಗರಗೆರೆಯ ನನ್ನ ಮಗಳೂ ನಗ್ತಾಳೆ.

ನಂಗೆ ನೆನಪಾದದ್ದು ನಮ್ಮನೆ ಎಡೆ. ಹಿರಿಯರ ಹಬ್ಬಕ್ಕೆ ನಮ್ಮವ್ವ ಎಲೆ ಹಾಕಿ ಮುದ್ದೆ, ಬೋಟಿ ಸಾರು, ತಾತನಿಗೆ ಇಷ್ಟ ಅಂತ ಒಂದು ಕಟ್ಟು ಬೀಡಿ ಇಡೋಳು. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಲ್ತಿದ್ವಿ. ಸತ್ತವರು ಬಂದು ಹೊಟ್ಟೆ ತುಂಬ ಉಂಡು ಹೋಗ್ಲಿ ಅಂತ. ನಮ್ಮ ಹಿರಿಯರು ಬಂಗಾರ ಕೇಳಿದವರಲ್ಲ, ಊಟ ಕೇಳಿದವರು. ಬದುಕಿದ್ದಾಗ ಅದೇ ತಾನೆ ಕಡಿಮೆ ಬಿದ್ದಿದ್ದು?

ನಮ್ಮ ರಾಜ್ಯದಲ್ಲಿ ಹೀಗೆ ತಿನ್ನೋದನ್ನ ಕೇಳೋ ದೈವ ಅಂದ್ರೆ ಎಲ್ಲರಿಗೂ ಗೊತ್ತಿರೋದು ಕೊರಗಜ್ಜ. ತುಳುನಾಡಿನ ಕೊರಗ ತನಿಯ. ತಬ್ಬಲಿ ಹುಡುಗ, ಕಳ್ಳು ಮಾರೋ ಬೈದೆದಿ ತಾಯಿ ಸಾಕಿದಳು. ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತರ ಇದೆ, ತಿರುಳು ಇಷ್ಟು: ಏಳಾಳು ಹೊರೋ ಹೊರೆಯನ್ನ ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದ. ಹೊರೆ ಒಳಗೆ ಹೋಯ್ತು, ಹೊತ್ತವನನ್ನ ಒಳಗೆ ಬಿಡ್ಲಿಲ್ಲ. ಅಲ್ಲೇ ಹಣ್ಣು ಕೀಳೋಕೆ ಹೋದವನು ಮಾಯವಾದ, ದೈವವಾದ. ಅವನು ಕೇಳೋದು ಚಕ್ಕುಲಿ, ಬೀಡಾ, ಕಳ್ಳು. ಇವತ್ತು ಮಂಗಳೂರು ಹತ್ರದ ಕುತ್ತಾರಿಗೆ ಎಲ್ಲ ಜಾತಿಯವರೂ ಹೋಗ್ತಾರೆ. ಕಳೆದ ವಸ್ತು ಸಿಗುತ್ತೆ ಅಂತ ಹರಕೆ ಹೊರ್ತಾರೆ.

ನಮ್ಮ ಆಫೀಸಲ್ಲೂ ಒಬ್ರು ಉಂಗುರ ಸಿಕ್ಕಿತು ಅಂತ ಕುತ್ತಾರಿಗೆ ಹೋಗಿ ಬಂದ್ರು. ಚಕ್ಕುಲಿ ಪ್ರಸಾದ ಟೇಬಲ್ ಟೇಬಲ್‌ಗೂ ಹಂಚಿದ್ರು. ನಾನೂ ತಗೊಂಡೆ. ಅದೇ ಮಧ್ಯಾಹ್ನ ನಾನು ಡಬ್ಬಿ ತೆಗೆದಾಗ ಬೋಟಿ ಸಾರಿನ ವಾಸನೆಗೆ ಅವರೇ ಎದ್ದು ಬೇರೆ ಟೇಬಲ್‌ಗೆ ಹೋದ್ರು. ಕೊರಗನ ತಟ್ಟೆ ಪ್ರಸಾದ, ನನ್ನ ಡಬ್ಬಿ ವಾಸನೆ. ನಾನೇನೂ ಅನ್ನಲಿಲ್ಲ. ಈಗ ಇಲ್ಲಿ ಅಂತಿದ್ದೀನಿ.

ಕೊರಗಜ್ಜನಿಗೆ ಕೈ ಮುಗಿಯೋ ಎಷ್ಟು ಜನಕ್ಕೆ ಅಜಲು ಅನ್ನೋ ಪದ ಗೊತ್ತು? ಉಗುರು, ಕೂದಲು ಬೆರೆಸಿದ ಅನ್ನವನ್ನ ಕೊರಗರಿಗೆ ತಿನ್ನಿಸೋದು. ತಮ್ಮ ಮನೆಯ ರೋಗ, ಕೇಡು ಅವರ ಮೈಗೆ ದಾಟಲಿ ಅಂತ. ಕಂಬಳದಲ್ಲಿ ಕೋಣಗಳಿಗಿಂತ ಮುಂಚೆ ಅವರನ್ನ ಗದ್ದೆಯಲ್ಲಿ ಓಡಿಸೋದು. ಇದನ್ನ ನಿಲ್ಲಿಸೋಕೆ ಕರ್ನಾಟಕ ಸರ್ಕಾರ ಪ್ರತ್ಯೇಕ ಕಾನೂನೇ ತರಬೇಕಾಯ್ತು. ಅದೂ ಯಾವಾಗ? 2000ದಲ್ಲಿ. ಸಂವಿಧಾನ ಬಂದು 50 ವರ್ಷ ಆದ ಮೇಲೆ! ಬುಟ್ಟಿ ಹೆಣೆದು ಬದುಕಿದ ಈ ಬುಡಕಟ್ಟಿನವರು 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಇದ್ದದ್ದು 15 ಸಾವಿರದ ಆಸುಪಾಸು. ಅಂದ್ರೆ ಸತ್ತು ದೈವವಾದವನಿಗೆ ಚಕ್ಕುಲಿ, ಬದುಕಿರೋ ಅವನ ಜನಕ್ಕೆ ಉಗುರಿನ ಅನ್ನ.

ಜಪಾನಿನವರು ದೊಡ್ಡವರು ಅಂತ ನಾನು ಹೇಳ್ತಿಲ್ಲ. ಅಲ್ಲೂ ಚರ್ಮ ಹದ ಮಾಡೋರನ್ನ, ದನ ಕೊಯ್ಯೋರನ್ನ ಊರಾಚೆ ಇಟ್ಟಿದ್ರು. ಬುರಾಕು ಜನ. 1871ರಲ್ಲಿ ಸರ್ಕಾರ ಕಾಗದದ ಮೇಲೆ ಆ ಭೇದ ರದ್ದು ಮಾಡಿತು, ಊರಲ್ಲಿ ರದ್ದಾಗಲಿಲ್ಲ. 1922ರಲ್ಲಿ ಆ ಜನವೇ ಕ್ಯೋಟೋದಲ್ಲಿ ಸೇರಿ ಸುಯ್ಹೇಯ್ಶಾ ಅನ್ನೋ ಸಂಘಟನೆ ಕಟ್ಟಿದ್ರು. ಬಾಬಾಸಾಹೇಬರ ಮಹಾಡ್ ಸತ್ಯಾಗ್ರಹಕ್ಕೆ ಐದು ವರ್ಷ ಮೊದಲು. ದೆವ್ವವನ್ನ ಮುದ್ದು ಮಾಡಿದ್ರೆ ಜಾತಿ ಹೋಗಲ್ಲ, ಜನ ಎದ್ದು ನಿಂತು ಕೇಳಬೇಕು ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

ಇದನ್ನೆಲ್ಲ ಮಗಳಿಗೆ ಹೇಳ್ತಿರುವಾಗ ಅವಳು ಕೇಳಿದ್ಲು: "ಅಪ್ಪಾ, ಕೊರಗಜ್ಜಂದೂ ಕಾರ್ಟೂನ್ ಮಾಡಬಹುದಲ್ವಾ?"

ಮಾಡಬಹುದು. ನಮ್ಮ ದೇಶದ ಅನಿಮೇಷನ್ನು ಇಲ್ಲೀವರೆಗೂ ಹೆಚ್ಚಾಗಿ ಓಡಿರೋದು ಪುರಾಣದ ಹಿಂದೆ. 2005ರಲ್ಲಿ ಹನುಮಾನ್, 2007ರಲ್ಲಿ ಬಾಲ್ ಗಣೇಶ್, 2025ರಲ್ಲಿ ಮಹಾವತಾರ್ ನರಸಿಂಹ. ಛೋಟಾ ಭೀಮ್ ಲಡ್ಡು ತಿಂದ್ರೆ ಶಕ್ತಿ, ಸರಿ. ಬೋಟಿ ತಿಂದು ಶಕ್ತಿ ಬಂದ ಹುಡುಗ ಯಾವ ಕಾರ್ಟೂನಲ್ಲಿದ್ದಾನೆ? ಆದ್ರೆ 2022ರಲ್ಲಿ ಕಾಂತಾರ ಗೆದ್ದ ಮೇಲೆ ದೈವಗಳ ಮೇಲೆ ಸಿನಿಮಾದವರ ಕಣ್ಣು ಬಿದ್ದಿದೆ. ಇವತ್ತಲ್ಲ ನಾಳೆ ಇಂಥ ಕಾರ್ಟೂನೂ ಬರುತ್ತೆ.

ನಂಗೆ ಭಯ ಇರೋದು ಅಲ್ಲೇ. ಕಳ್ಳಿನ ಜಾಗಕ್ಕೆ ಎಳನೀರು ಬರುತ್ತೆ. ಒಳಗೆ ಬಿಡದ ದೇವಸ್ಥಾನದ ದೃಶ್ಯ ಕತ್ತರಿ ಪಾಲಾಗುತ್ತೆ. ತಬ್ಬಲಿ ಕೊರಗ ಹುಡುಗ ಯಾವುದೋ ದೊಡ್ಡ ದೇವರ ಅಂಶ ಆಗಿಬಿಡ್ತಾನೆ. ಆಮೇಲೆ ನಮ್ಮ ಮಕ್ಕಳೇ ಅದನ್ನ ನಿಜ ಅಂದ್ಕೋತಾರೆ.

ಅದಕ್ಕೆ ಮೂರೇ ಮಾತು. ಕೊರಗಜ್ಜನ ಕಥೆ ಬರೆಯೋವಾಗ ಕೊರಗರು ಆ ಕೋಣೆಯಲ್ಲಿರಬೇಕು, ದುಡ್ಡಲ್ಲೂ ಅವರಿಗೆ ಪಾಲು ಬೇಕು. ತಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು. ಅಜಲು ಇತ್ತು ಅನ್ನೋದನ್ನ ಮಕ್ಕಳಿಗೂ ಹೇಳಬೇಕು. ಮಕ್ಕಳಿಗೆ ಅರ್ಥವಾಗುತ್ತೆ, ಮರೆಸೋಕೆ ನೋಡೋದು ದೊಡ್ಡೋರೇ.

ಅಲ್ಲೀವರೆಗೆ ಕಾಯೋದು ಬೇಡ. ನಿಮ್ಮ ಮನೆ ಎಡೆಯಲ್ಲಿ ಏನೇನು ಇಡ್ತಿದ್ರು, ಯಾರಿಗಾಗಿ ಇಡ್ತಿದ್ರು, ಇವತ್ತು ರಾತ್ರಿ ನಿಮ್ಮ ಮಕ್ಕಳಿಗೆ ಹೇಳಿ. ನಾಚಿಕೆ ಪಡದೆ ಹೇಳಿ. ಇಲ್ಲೂ ಕೆಳಗೆ ಬರೀರಿ, ನಾನು ಓದ್ತೀನಿ, ಮಗಳಿಗೂ ಓದಿಸ್ತೀನಿ.

ಜೈ ಭೀಮ್.