ತಂದೆ ಮರೆತ ಕರಡಿಗೆ



ಕಳೆದ ಶ್ರಾವಣದ ಎರಡನೆಯ ಸೋಮವಾರ, ಪ್ರಸಾದದ ಪಂಕ್ತಿ ಎದ್ದು ಮಠದ ಅಂಗಳ ಬರಿದಾದ ಮೇಲೆ, ಗದಗ ಜಿಲ್ಲೆಯ ಹಳ್ಳಿಯೊಂದರ ಭಕ್ತರೊಬ್ಬರು ನಮ್ಮ ಬಳಿ ಬಂದು ಕುಳಿತರು. ವೃತ್ತಿಯಿಂದ ಶಾಲಾ ಮಾಸ್ತರರು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಕಿಸೆಯಿಂದ ಬಿಳಿ ವಸ್ತ್ರದಲ್ಲಿ ಸುತ್ತಿದ ಬೆಳ್ಳಿಯ ಕರಡಿಗೆಯೊಂದನ್ನು ತೆಗೆದು ನಮ್ಮೆದುರು ಇಟ್ಟು, "ಅಜ್ಜಾರ, ಇದು ನಮ್ಮ ಅಪ್ಪನ ಲಿಂಗ. ಜ್ವಾಳದ ಚೀಲದಾಗ ಸಿಕ್ತರಿ" ಎಂದರು.

ಅವರ ತಂದೆಯನ್ನು ನಾವು ಬಲ್ಲೆವು. ಎಪ್ಪತ್ತೆಂಟರ ವೃದ್ಧರು, ಒಕ್ಕಲುತನದವರು. ಲಿಂಗಪೂಜೆಯಾಗದೆ ಒಂದು ದಿನವೂ ಬಾಯಿಗೆ ನೀರು ಹಾಕಿದವರಲ್ಲ. ಬಿತ್ತನೆಯ ಗಡಿಬಿಡಿಯಲ್ಲಿಯೂ ಹೊಲದ ಬಾವಿಯ ಕಟ್ಟೆಯ ಮೇಲೆ ಕುಳಿತು ಪೂಜೆ ಮುಗಿಸಿಕೊಂಡೇ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಅಂಥವರು ಈಗ ನಾಲ್ಕು ವರ್ಷಗಳಿಂದ ಒಂದೊಂದನ್ನೇ ಮರೆಯುತ್ತ ಬಂದಿದ್ದಾರೆ. ಮೊದಲು ಹೇಳಿದ ಮಾತನ್ನೇ ಹೇಳತೊಡಗಿದರು. ಆಮೇಲೆ ಹೊಲದ ದಾರಿ ತಪ್ಪಿತು. ಆಮೇಲೆ ಉಂಡು ಕೈ ತೊಳೆದ ಕೂಡಲೇ ಸೊಸೆ ಅನ್ನ ಹಾಕಲಿಲ್ಲವೆಂದು ಓಣಿಯ ಮಂದಿಗೆಲ್ಲ ದೂರು. ಕಳೆದ ಜ್ಯೇಷ್ಠದಲ್ಲಿ ಶಿವದಾರವನ್ನು ತಾವೇ ಬಿಚ್ಚಿ ಕರಡಿಗೆಯನ್ನು ಎಲ್ಲಿಯೋ ಇಟ್ಟುಬಿಟ್ಟರು. ಮೂರು ದಿನ ಮನೆಯೆಲ್ಲ ಜಾಲಾಡಿದ ಮೇಲೆ ಅದು ಜೋಳದ ಚೀಲದಲ್ಲಿ ಸಿಕ್ಕಿತು. ಅಷ್ಟರೊಳಗೆ ಊರಲ್ಲಿ "ಮುದುಕ ಲಿಂಗ ಕಳಕೊಂಡ" ಎಂಬ ಮಾತು ಹಬ್ಬಿ, ಹಿರಿಯರೊಬ್ಬರು ಮನೆಗೆ ಬಂದು ಇದು ಮಹಾದೋಷ, ಇನ್ನು ಈ ಮನೆಯಲ್ಲಿ ನೀರು ಮುಟ್ಟುವವರಾರು ಎಂದು ಹೇಳಿ ಹೋಗಿದ್ದರು.

ಮಾಸ್ತರರಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೊಂದಿತ್ತು. ಅದನ್ನು ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ಒಂದು ರಾತ್ರಿ ತಂದೆ ಎದ್ದು ಅಗಳಿ ತೆಗೆಯಲು ಹೋದಾಗ ಸೊಸೆ ತಡೆದಿದ್ದಾಳೆ. ಯಾರೋ ಕಳ್ಳರೆಂದು ಅವರು ನೂಕಿದ್ದಾರೆ. ಆಕೆಯ ಮುಂಗೈ ಮುರಿಯಿತು. ಅಣ್ಣತಮ್ಮಂದಿರು, ತಂಗಿ ಎಲ್ಲರೂ ಕೂಡಿ, ಮರೆವಿನ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರವೊಂದಕ್ಕೆ ತಂದೆಯನ್ನು ಕಳುಹಿಸುವುದೆಂದು ಮಾತಾಡಿಕೊಂಡಿದ್ದರು. "ಹೆತ್ತಪ್ಪನ್ನ ಹೊರಗ ಹಾಕಿದ ಪಾಪ ನನಗ ತಟ್ಟತೈತೇನ್ರಿ ಅಜ್ಜಾರ?" ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆ ಒಬ್ಬ ಮಾಸ್ತರರದಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿಗೆ ಬರುವ ಭಕ್ತರ ಪೈಕಿ ಇದೇ ದುಃಖವನ್ನು ಹೊತ್ತು ಬರುವವರು ಹೆಚ್ಚಾಗಿದ್ದಾರೆ. ಆದುದರಿಂದ ಅವರಿಗೆ ಹೇಳಿದುದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಹೇಳುತ್ತಿದ್ದೇವೆ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮ ನಾಲಗೆಯ ಮೇಲಿದೆ. ಗಾದೆಗಳೆಲ್ಲ ಹಿತವಲ್ಲ. ಈ ಗಾದೆಯಂತೂ ಎಷ್ಟೋ ಹಿರಿಯರಿಗೆ ಸಿಗಬೇಕಾದ ಚಿಕಿತ್ಸೆಯನ್ನು ತಪ್ಪಿಸಿದೆ. ವಯಸ್ಸಾದ ಮೇಲೆ ಹೆಸರು ನೆನಪಾಗದಿರುವುದು, ಚಷ್ಮಾ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಚಷ್ಮಾ ಏತಕ್ಕೆಂಬುದೇ ತಿಳಿಯದಿದ್ದರೆ ಅದು ರೋಗ. ಅಲೋಯಿಸ್ ಅಲ್ಝೈಮರ್ ಎಂಬ ಜರ್ಮನ್ ವೈದ್ಯ 1906ರಲ್ಲಿ ಈ ಕಾಯಿಲೆಯ ಬಹುಮುಖ್ಯ ಬಗೆಯೊಂದನ್ನು ಲೋಕಕ್ಕೆ ವಿವರಿಸಿದಾಗ ಆತನ ಮುಂದಿದ್ದುದು ಐವತ್ತರ ಪ್ರಾಯದಲ್ಲಿಯೇ ರೋಗಕ್ಕೆ ತುತ್ತಾದ ಹೆಣ್ಣುಮಗಳ ಉದಾಹರಣೆ. ಮಿದುಳಿನ ಜೀವಕೋಶಗಳು ನಾಶವಾಗುತ್ತ ಹೋಗುವ ಈ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ಒಳಗಾಗಿದ್ದಾರೆಂದು ಅಂದಾಜು ಮಾಡಿದೆ.

ಆದರೆ ಮರೆವೆಲ್ಲ ಇದೇ ಎಂದು ಕೈಚೆಲ್ಲಲೂ ಬಾರದು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು, ಮನಸ್ಸಿನ ಖಿನ್ನತೆ, ನುಂಗುವ ಕೆಲವು ಮಾತ್ರೆಗಳು, ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಮದ್ದಿದೆ. ಕಿವಿ ಕೇಳಿಸದೆ ಸುಮ್ಮನೆ ಕುಳಿತ ಹಿರಿಯರನ್ನು ಬುದ್ಧಿ ಹೋಯಿತೆಂದು ಮೂಲೆಗೆ ತಳ್ಳಿದ ಮನೆಗಳನ್ನೂ ನಾವು ಕಂಡಿದ್ದೇವೆ. ಆದುದರಿಂದ ಮೊದಲು ವೈದ್ಯರ ಬಳಿ ಹೋಗಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇರುವುದು ಹುಚ್ಚರಿಗಾಗಿ ಮಾತ್ರ ಎಂಬ ಅಂಜಿಕೆಯನ್ನು ಇನ್ನಾದರೂ ಬಿಡಬೇಕು. ನಿಜವಾದ ಡಿಮೆನ್ಷಿಯಾಕ್ಕೆ ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಬಂದಿದೆಯೆಂದು ಭಸ್ಮ, ತಾಯಿತ ಮಾರುವವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ. ಭಸ್ಮವೇ ಬೇಕಾದರೆ ಮಠದ ವಿಭೂತಿ ಉಂಟು. ಅದಕ್ಕೆ ಹಣವಿಲ್ಲ, ಅದು ರೋಗ ವಾಸಿ ಮಾಡುತ್ತದೆಂದು ನಾವು ಹೇಳುವುದೂ ಇಲ್ಲ.

ಇನ್ನು ಲಿಂಗದ ವಿಚಾರ. ಲಿಂಗವು ಅಂಗವನ್ನು ಅಗಲಿದರೆ ಪ್ರಾಣವನ್ನೇ ಬಿಡಬೇಕೆಂಬಷ್ಟು ಕಟ್ಟುನಿಟ್ಟಾಗಿ ಹೇಳಿದವರು ನಮ್ಮ ಪರಂಪರೆಯಲ್ಲಿ ಉಂಟು. ಆ ನಿಷ್ಠೆಗೆ ನಾವು ತಲೆಬಾಗುತ್ತೇವೆ. ಆದರೆ ಆ ಮಾತು ಅರಿವಿದ್ದವನಿಗೆ ಹೇಳಿದ ಮಾತು. ಶರಣರು ಮರವೆಯನ್ನು ಖಂಡಿಸಿದರೆಂದು ಕೆಲವು ಪ್ರವಚನಕಾರರು ಇಂಥ ರೋಗಿಗಳ ಮನೆಯವರ ಮುಂದೆ ಉದಾಹರಿಸುವುದುಂಟು. ಅದು ಸಲ್ಲದು. ಶರಣರು ಖಂಡಿಸಿದ್ದು ಅಹಂಕಾರದಿಂದ, ವಿಷಯಾಸಕ್ತಿಯಿಂದ ತನ್ನ ನಿಜವನ್ನು ತಾನು ಮರೆತವನನ್ನು. ಮಿದುಳು ಸವೆದು ಮಗನ ಹೆಸರನ್ನೂ ಮರೆತ ಮುದುಕನನ್ನಲ್ಲ. ಎರಡಕ್ಕೂ ಮರೆವೆಂಬ ಒಂದೇ ಹೆಸರಿದೆ ಎಂಬುದಕ್ಕಾಗಿ ಎರಡೂ ಒಂದಾಗಲಾರವು.

ಇನ್ನೊಂದು ಮಾತನ್ನು ಗಮನಿಸಿ. ವೀರಶೈವರಲ್ಲಿ ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುತ್ತೇವೆ. ಗರ್ಭದಲ್ಲಿದ್ದಾಗಲೇ ಆ ಸಂಸ್ಕಾರ ಮಾಡುವ ಪದ್ಧತಿಯೂ ಇದೆ. ಆ ಕೂಸಿಗೆ ಲಿಂಗವೆಂದರೇನೆಂದು ಗೊತ್ತೇ? ಗೊತ್ತಾಗುವವರೆಗೆ ಲಿಂಗವನ್ನು ಕಾಪಾಡುವವಳು ತಾಯಿ. ಅರಿವು ಬರುವುದಕ್ಕೆ ಮೊದಲೇ ಕೊಟ್ಟ ಲಿಂಗವನ್ನು ಅರಿವು ಹೋಯಿತೆಂದು ಗುರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದು ತಾಯಿ ಕಾಪಾಡಿದ್ದನ್ನು ಇಂದು ಮಕ್ಕಳು ಕಾಪಾಡಬೇಕು, ಅಷ್ಟೇ. ಇದನ್ನು ಕೇಳಿ ಹಿರಿಯರನ್ನು ಕೂಸಿನಂತೆ ನಡೆಸಿಕೊಳ್ಳಿರೆಂದು ಯಾರೂ ತಿಳಿಯಬಾರದು. ಅವರು ಕೂಸಲ್ಲ, ಮನೆ ಕಟ್ಟಿದವರು, ನೆಲ ಉತ್ತವರು. ತಿಳಿವಳಿಕೆ ಹೋದರೂ ಅವಮಾನ ಅವರಿಗೆ ತಿಳಿಯುತ್ತದೆ. ಮಾತಿನ ಅರ್ಥ ಹತ್ತದಿದ್ದರೂ ಮಾತಿನ ದನಿ ಹತ್ತುತ್ತದೆ.

ಆದುದರಿಂದ ಮಾಸ್ತರರಿಗೆ ನಾವು ಹೇಳಿದ್ದು ಇಷ್ಟು: ದೋಷವಿಲ್ಲ, ದಂಡವಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಕರಡಿಗೆಯನ್ನು ಮನೆಯ ಪೂಜಾ ಜಗಲಿಯ ಮೇಲಿಟ್ಟು ನಿಮ್ಮ ಪೂಜೆಯ ಜೊತೆಗೆ ತಂದೆಯ ಲಿಂಗಕ್ಕೂ ಪೂಜೆ ಸಲ್ಲಿಸಿರಿ. ಕೊರಳಲ್ಲಿ ದಾರವಿದ್ದರೆ ರಾತ್ರಿ ಜಗ್ಗಿಕೊಂಡು ಅಪಾಯವಾದೀತು. ಸಣ್ಣ ವಸ್ತು ಬಾಯಿಗೂ ಹೋದೀತು. ತಂದೆಯನ್ನು ನೋಡಲು ಹೋದಾಗಲೆಲ್ಲ ಕರಡಿಗೆಯನ್ನು ಒಯ್ದು, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಅವರ ಅಂಗೈಯಲ್ಲಿರಿಸಿ, ಕೆಳಗೆ ನಿಮ್ಮ ಕೈ ಹಿಡಿಯಿರಿ. ಹಳೆಯ ರೂಢಿ ಹೊಸ ನೆನಪಿಗಿಂತ ಬಹುಕಾಲ ಉಳಿಯುತ್ತದೆಂದು ವೈದ್ಯರೂ ಹೇಳುತ್ತಾರೆ. ಬೆಳಗ್ಗೆ ಏನು ತಿಂದೆನೆಂಬುದು ಹೋಗಿರುತ್ತದೆ. ಎಪ್ಪತ್ತು ವರ್ಷ ಮಾಡಿದ್ದು ಕೈಯಲ್ಲಿ ಕುಳಿತಿರುತ್ತದೆ.

ಕಳುಹಿಸುವುದು ಪಾಪವೇ? ಈ ಪ್ರಶ್ನೆಗೆ ಉತ್ತರಿಸುವ ಮೊದಲು ನಾವು ಮಾಸ್ತರರನ್ನು ಒಂದು ಮಾತು ಕೇಳಿದೆವು: ಈ ನಾಲ್ಕು ವರ್ಷ ತಂದೆಯನ್ನು ನೋಡಿಕೊಂಡವರು ಯಾರು? ಅವರು ಕ್ಷಣಕಾಲ ಸುಮ್ಮನಿದ್ದು, "ನಮ್ಮ ಮನಿಯಾಕಿರಿ" ಎಂದರು. ಮಗ ತಂದೆಯ ಸೇವೆ ಮಾಡಿದನೆಂದು ಊರು ಹೊಗಳುವಾಗ ರಾತ್ರಿಯಿಡೀ ಎಚ್ಚರವಿದ್ದವಳು ಸೊಸೆ. ಬಟ್ಟೆ ಒಗೆದವಳು ಸೊಸೆ. ಕಳ್ಳಿಯೆಂದು ಬೈಸಿಕೊಂಡವಳೂ ಸೊಸೆ. ಮಂದಿ ಏನೆಂದಾರೆಂಬ ಮರ್ಯಾದೆಯ ಬೆಲೆಯನ್ನು ತೆತ್ತದ್ದು ಆಕೆಯ ಮುಂಗೈ. ದಾಸೋಹವೆಂದರೆ ತನ್ನದನ್ನು ಕೊಡುವುದು, ಇನ್ನೊಬ್ಬರ ಜೀವವನ್ನು ತೇಯುವುದಲ್ಲ. ಕಳುಹಿಸುವುದು ಬೇಡವೆಂದು ಪಟ್ಟು ಹಿಡಿಯುವ ಬಂಧುಗಳು ತಿಂಗಳಿಗೆ ಹತ್ತು ದಿನ ತಾವು ಬಂದು ರಾತ್ರಿ ಕಾಯಲಿ. ಆಗ ಅವರ ಮಾತಿಗೆ ತೂಕ ಬರುತ್ತದೆ.

ಮನೆಯಲ್ಲಿಯೇ ಸಾಗುವವರೆಗೆ ಮನೆಯೇ ಲೇಸು. ತಾವು ಹೇಳಿದ್ದೇ ಸರಿಯೆಂದು ಅವರ ಜೊತೆ ವಾದಕ್ಕೆ ಇಳಿಯಬೇಡಿ. ತೀರಿಕೊಂಡ ಅಣ್ಣ ಎಲ್ಲೆಂದು ಕೇಳಿದರೆ ಸತ್ತನೆಂದು ದಿನಕ್ಕೆ ಹತ್ತು ಬಾರಿ ಹೇಳಿ ಹತ್ತು ಬಾರಿ ಅಳಿಸಬೇಡಿ, ಅಣ್ಣನ ಕಥೆ ಹೇಳಿರೆಂದು ಕೇಳಿ. ರಾತ್ರಿ ಸಣ್ಣ ದೀಪವಿರಲಿ. ಗ್ಯಾಸಿನ ರೆಗ್ಯುಲೇಟರ್ ಬಂದ್ ಇರಲಿ. ಕಿಸೆಯಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿಯಿರಲಿ. ಸಂಜೆ ಹೊತ್ತು ಗೊಂದಲ ಹೆಚ್ಚುವುದು ಈ ರೋಗದ ಸ್ವಭಾವ. ಆ ಹೊತ್ತಿನಲ್ಲಿ ಟಿ.ವಿ.ಯ ಗದ್ದಲ ಬೇಡ, ಅವರಿಗೆ ಪರಿಚಿತವಾದ ಭಜನೆಯ ಪದವನ್ನು ಮೆಲ್ಲಗೆ ಹಾಡಿದರೆ ಸಾಕು. ಹಿರಿಯರ ಸಹಾಯವಾಣಿ 14567 ಇದೆ, ಕರೆ ಮಾಡಿ ಕೇಳಬಹುದು. ಇನ್ನೊಂದನ್ನು ಹೇಳಲೇಬೇಕು. ತಿಳಿವಳಿಕೆ ತಪ್ಪಿದ ತಂದೆಯ ಹೆಬ್ಬೆರಳನ್ನು ಹಿಡಿದು ವಾಟ್ನಿ ಪತ್ರಕ್ಕೆ ಒತ್ತಿಸಿಕೊಂಡ ಮಕ್ಕಳು ನಮ್ಮ ಭಕ್ತವರ್ಗದಲ್ಲಿಯೂ ಇದ್ದಾರೆ. ಸ್ವಸ್ಥ ಮನಸ್ಸಿಲ್ಲದವರು ಮಾಡಿದ ಒಪ್ಪಂದ ಸಿಂಧುವಲ್ಲವೆಂದು 1872ರ ಕಾಯ್ದೆಯೇ ಹೇಳುತ್ತದೆ. ಆ ಹೆಬ್ಬೆರಳು ಅವರನ್ನು ನಡೆಯಲು ಕಲಿಸಿದ ಕೈಯದು.

ಮನೆಯಲ್ಲಿ ಸಾಗದಾದಾಗ, ಹಿರಿಯರ ಜೀವಕ್ಕೋ ನೋಡಿಕೊಳ್ಳುವವರ ಜೀವಕ್ಕೋ ಅಪಾಯವಿದ್ದಾಗ, ಬಲ್ಲವರ ಕೈಗೆ ಒಪ್ಪಿಸುವುದು ಹೊರಹಾಕುವುದಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಹಿರಿಯರನ್ನು ಪರಿತ್ಯಜಿಸಿದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಉಂಟು. ಅದು ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಬಿಟ್ಟು ಬರುವವರಿಗೆ. ಕೇಂದ್ರದಲ್ಲಿ ಇರಿಸಿ, ಹಣ ಕಟ್ಟಿ, ತಿಂಗಳುಗಟ್ಟಲೆ ಮುಖ ತೋರದವರಿಗೆ ಕಾಯ್ದೆಯ ದಂಡವಿರಲಿಕ್ಕಿಲ್ಲ. ನಾವು ಮಾತ್ರ ಅವರನ್ನೂ ಅದೇ ಸಾಲಿಗೆ ಸೇರಿಸುತ್ತೇವೆ.

ಕೇಂದ್ರವನ್ನು ನೋಡುವಾಗ ಕಟ್ಟಡ ನೋಡಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿದ್ದಾರೆಂದು ಕೇಳಿ. ಕೈಕಾಲು ಕಟ್ಟುತ್ತಾರೆಯೇ, ಸುಮ್ಮನಿರಿಸಲು ನಿದ್ದೆಯ ಮಾತ್ರೆ ನುಂಗಿಸುತ್ತಾರೆಯೇ ಎಂದು ನೇರವಾಗಿ ಕೇಳಿ. ಹೇಳದೆ ಕೇಳದೆ ಊಟದ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ಹೇಳಿಯೇ ಬರಬೇಕೆಂದರೆ ಬೇರೆ ಕೇಂದ್ರ ಹುಡುಕಿ. ಮನೆಯ ಕೌದಿ, ಅವರ ತಂಬಿಗೆ, ಜಗಲಿಯ ಮೇಲಿನ ಫೋಟೋ ಜೊತೆಗೆ ಕಳುಹಿಸಿ. ಶಾಖಾಹಾರಿಗಳೆಂದು, ವಿಭೂತಿ ಹಚ್ಚುವವರೆಂದು ಬರೆದುಕೊಡಿ. ಕಾಫಿ ಕುಡಿಯುವವರಲ್ಲ, ಚಹಾದವರೆಂದೂ ಬರೆಯಿರಿ. ಹೇಳಿಕೊಳ್ಳಲಾಗದವರ ಪರವಾಗಿ ಅಷ್ಟು ಹೇಳುವುದು ಮಕ್ಕಳ ಕೆಲಸ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಬಹುಪಾಲು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗೆ ಮಾತ್ರ ಪ್ರವೇಶ. ಮರೆವಿನ ಕಾಯಿಲೆಗೆಂದೇ ಇರುವ ಕೇಂದ್ರಗಳು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿವೆ; ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಆಶ್ರಮಗಳನ್ನು ಸರ್ಕಾರ ಕಟ್ಟಬಹುದೆಂದು ಅದೇ 2007ರ ಕಾಯ್ದೆ ಹೇಳಿದೆ. ಸರ್ಕಾರವನ್ನು ಕೇಳುವ ಮೊದಲು ಮಠಗಳು ತಮ್ಮನ್ನು ಕೇಳಿಕೊಳ್ಳಲಿ. ಓದುವ ಬಡ ಮಕ್ಕಳಿಗೆಂದು ನಮ್ಮ ಹಿರಿಯರು ಪ್ರಸಾದ ನಿಲಯ ಕಟ್ಟಿದರು. ಅದರಿಂದ ನಾಡು ಉದ್ಧಾರವಾಯಿತು. ಮುಂದೆ ನಾವು ಇಂಜಿನಿಯರಿಂಗ್ ಕಾಲೇಜು ಕಟ್ಟಿದೆವು, ಕಲ್ಯಾಣ ಮಂಟಪ ಕಟ್ಟಿದೆವು. ಆ ನಿಲಯಗಳಲ್ಲಿ ಉಂಡು ಓದಿದವರ ತಂದೆತಾಯಿಯರು ಇಂದು ದಾರಿ ಮರೆತು ನಿಂತಿದ್ದಾರೆ; ಅವರಿಗೆ ಎಂಟು ಹಾಸಿಗೆ ಹಾಕುವ ಕೋಣೆ ನಮ್ಮಲ್ಲಿಲ್ಲ. ನಮ್ಮ ಮಠದ ಹಳೆಯ ಉಗ್ರಾಣದ ಪಕ್ಕದ ಪಡಸಾಲೆಯನ್ನು ಹಗಲು ಹೊತ್ತು ಇಂಥ ಹಿರಿಯರು ಬಂದು ಕುಳಿತಿರಲೆಂದು ಬಿಟ್ಟುಕೊಡುವ ಮಾತು ಈಗ ನಡೆದಿದೆ. ತರಬೇತಿಯಾದ ದಾದಿಯೊಬ್ಬರು ಸಿಗಬೇಕು. ಬರುವ ಜಾತ್ರೆಯ ತೇರಿಗೆ ಹೊಸ ಕಳಸ ಮಾಡಿಸಲು ಮುಂದೆ ಬಂದ ಭಕ್ತರಿಗೆ, ಕಳಸ ಇನ್ನೊಂದು ವರ್ಷ ತಡೆಯಲಿ, ದಾದಿಯ ಸಂಬಳ ಕೊಡಿರೆಂದು ಕೇಳಿದ್ದೇವೆ. ಅವರಿನ್ನೂ ಉತ್ತರ ಹೇಳಿಲ್ಲ.

ಮಾಸ್ತರರು ದಸರೆಯ ರಜೆಯಲ್ಲಿ ಮತ್ತೆ ಬಂದಿದ್ದರು, ಈ ಸಲ ಪತ್ನಿಯೂ ಜೊತೆಗಿದ್ದರು. ತಂದೆ ಕೇಂದ್ರಕ್ಕೆ ಹೋಗಿ ಆರು ವಾರವಾಗಿತ್ತು. ಮೊದಲ ಹದಿನೈದು ದಿನ ಊಟ ಬಿಟ್ಟು, ಬಾಗಿಲು ಹಿಡಿದು ನಿಂತು, ಊರಿಗೆ ಹೋಗುತ್ತೇನೆಂದು ಅತ್ತರಂತೆ. ಈಗ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿಕೊಟ್ಟರೆ ಉಣ್ಣುತ್ತಾರೆ. ಮಗನನ್ನು ಕಂಡು "ನೀ ಯಾರ ಪೈಕಿಯಪಾ?" ಎಂದು ಕೇಳಿದರಂತೆ. ಹಣೆಗೆ ವಿಭೂತಿ ಹಚ್ಚಿದೊಡನೆ ಎಡಗೈ ತಾನಾಗಿ ಮುಂದೆ ಬಂತಂತೆ. ಅದನ್ನು ಹೇಳುವಾಗ ಮಾಸ್ತರರ ಗಂಟಲು ಕಟ್ಟಿತು. ಅವರ ಪತ್ನಿ ಮಾತ್ರ, ಮಾವನವರು ಎರಡು ಕೆ.ಜಿ. ಇಳಿದಿದ್ದಾರೆ, ಮುಂದಿನ ಸಲ ತಾನೇ ಹೋಗಿ ಅಡುಗೆಯವರನ್ನು ಕಾಣುತ್ತೇನೆಂದರು. ಆ ತಾಯಿಯ ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿಲ್ಲ.

ಕರಡಿಗೆಯನ್ನು ನಮ್ಮ ಕೈಗೆ ಕೊಟ್ಟರು. ಮುಚ್ಚಳ ಸಡಿಲಾಗಿತ್ತು. ಬಸ್ಸಿನಲ್ಲಿ ಒಯ್ಯುವ ವಸ್ತು, ಪೇಟೆಯ ಪತ್ತಾರರಲ್ಲಿ ಕೊಟ್ಟು ಇವತ್ತೇ ಬಿಗಿ ಮಾಡಿಸಿಕೊಂಡು ಹೋಗಿರೆಂದು ಹೇಳಿ ಕಳುಹಿಸಿದೆವು.